ಹತ್ತರಲ್ಲಿ ನಾಲ್ಕು ಪದ

ಫೆಬ್ರವರಿ 10, ಸೋಮವಾರ

ಉತ್ತರ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳ ಕುಲತಿಲಕ, ಪದೇ ಪದೇ ಮುರಿದ ಮೂಗಿನ ಏಕೈಕ ಒಡೆಯ, ರಗ್ಬಿ ಲೀಗ್ ಸಾಮ್ರಾಜ್ಯದ ಮುಂಚೂಣಿ ಯೋಧ ಶ್ರೀಮನ್ಮಹಾರಾಜ ರೆಜ್ ಫಾಲ್ಡ್ಸ್ ಅವರ ದಿನಚರಿಯೇ, ಎದ್ದು ನಿಂತು ಕೇಳು!

ಬೆಳಿಗ್ಗೆ ಓಟ. ತೂಕ. ಮೊಟ್ಟೆ. ಆಮೇಲೆ ತಲೆ ಪರೀಕ್ಷೆ. ಕ್ಲಬ್ ಡಾಕ್ಟರ್ ನೋಲಾ ಹತ್ತು ಪದ ಓದುತ್ತಾರೆ, ತಿರುಗಿ ಹೇಳಬೇಕು. ಸೀಸನ್ ನಡುವೆ ತಲೆಗೆ ಏಟು ಬಿದ್ದರೆ ಮತ್ತೆ ಇದೇ ಪರೀಕ್ಷೆ. ಇವತ್ತಿಗಿಂತ ಕಡಿಮೆ ಅಂಕ ಬಂದರೆ ಹೊರಗೆ. ಆದ್ದರಿಂದ ಜಾಣರು ಇವತ್ತೇ ದಡ್ಡರಾಗುತ್ತಾರೆ.

ನಾಲ್ಕೇ ಪದ ಹೇಳಿದೆ.

"ರೆಜ್, ನಾಟಕ ಸಾಕಪ್ಪ."

"ಅಯ್ಯೋ ಡಾಕ್ಟ್ರೇ, ದೇವರು ಕೊಟ್ಟಿದ್ದೇ ಇಷ್ಟು ಮೆದುಳು!"

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಏಪ್ರಿಲ್ 5

ಎದುರಾಳಿಯ ಮೊಣಕಾಲು, ನನ್ನ ಹಣೆ. ಒಳಗೆ ಕರೆದೊಯ್ದು ಕೇಳಿದರು. ನಾಲ್ಕು ಪದ. ಪಾಸ್! ಮತ್ತೆ ಮೈದಾನಕ್ಕೆ.

ಪಂದ್ಯ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಪಕ್ಕದ ಬೆಂಚಿನ ಜೊತೆ ಆಟಗಾರ ತವಿಟಾ, "ಲೋ, ಮಹಾ ಕಳ್ಳ ಕಣೋ ನೀನು" ಅಂದ.

"ಕಳ್ಳತನ ಅಲ್ಲ ಮಗಾ, ದೂರದೃಷ್ಟಿ."

ಅವನ ಚಡ್ಡಿಗೆ ನೋವಿನ ಮುಲಾಮು ಬಳಿದು ಬಂದೆ. ಕುಣಿದ, ಕುಣಿದ... ಧನ್ಯನಾದೆ.

ಮೇ 17

ಸೂಪರ್‌ಮಾರ್ಕೆಟ್ಟಿನ ಮುಂದೆ ನನ್ನ ಗಾಡಿ ಸಿಗಲಿಲ್ಲ. ತವಿಟಾನೇ ಬಚ್ಚಿಟ್ಟಿದ್ದಾನೆಂದು ಫೋನಿನಲ್ಲಿ ಬೈದೆ. ಅವನು ನಕ್ಕ. ಗಾಡಿ ನನ್ನ ಹಿಂದೆಯೇ ಇತ್ತು.

ಜೂನ್ 19

ನಿನ್ನೆ ಅಭ್ಯಾಸದಲ್ಲಿ ಮತ್ತೊಂದು ಏಟು. ಕೋಚ್ ಬರ್ನಿ: "ಈ ವರ್ಷಕ್ಕೆ ನಿನ್ನ ಒಪ್ಪಂದ ಮುಗೀತದೆ. ನಿನ್ನ ಜಾಗಕ್ಕೆ ಇಬ್ಬರು ಕಾಯ್ತಾ ಇದ್ದಾರೆ. ಶನಿವಾರ ಆಡ್ತೀಯೋ, ಇಲ್ವೋ?"

"ತಲೆ ಕಳಚಿಕೊಂಡ್ರೆ ಕಂಕುಳಲ್ಲಿ ಇಟ್ಕೊಂಡು ಆಡ್ತೀನಿ."

ಪರೀಕ್ಷೆ. ನಾಲ್ಕು. ನೋಲಾ ಬಾಗಿಲು ಹಾಕಿದರು.

"ಫೆಬ್ರವರಿದು ನಾಟಕ ಅಂತ ಒಪ್ಕೊಳ್ಳೋ. ಮೂರು ವಾರ ಸುಮ್ನೆ ಕೂರು, ಆಮೇಲೆ ಆ ಪರೀಕ್ಷೆ ಮತ್ತೆ ಮಾಡಿ ಸರಿಯಾದ ಅಂಕ ಬರ್ಕೋತೀನಿ. ಯಾರಿಗೂ ಹೇಳಲ್ಲ."

"ಒಪ್ಪಲ್ಲ."

"ಹಠ ಮಾಡ್ಬೇಡ. ನಾಟಕ ಅಲ್ಲ ಅಂದ್ರೆ ಅದು ಇನ್ನೂ ಕೆಟ್ಟದ್ದು, ಗೊತ್ತಾ ನಿಂಗೆ? ಆಗ ಮೂರು ವಾರ ಅಲ್ಲ, ಆಟನೇ ಮುಗೀತು."

ಎದ್ದು, ಸೊಂಟ ಬಗ್ಗಿಸಿ, ಇಲ್ಲದ ಕಿರೀಟ ತೆಗೆದು ನಮಸ್ಕರಿಸಿದೆ. ಹೊರಗೆ ಬಂದೆ. ನನ್ನನ್ನು ಮೈದಾನದಿಂದ ಹೊತ್ತು ಹೊರಗೆ ಹಾಕಬೇಕಾದರೆ ನೂರ ಹತ್ತು ಕಿಲೋ ಎತ್ತುವವರು ಬರಲಿ!

ಜೂನ್ 21, ಶನಿವಾರ, ಮಧ್ಯಾಹ್ನ 3

ಸಂಜೆ ಪಂದ್ಯ. ಬೂಟಿನ ತುಂಬ ಶೇವಿಂಗ್ ನೊರೆ — ತವಿಟಾನ ಸೇಡು. ಒರೆಸಿದೆ, ಕಟ್ಟಿದೆ. ಆಡುತ್ತೇನೆ. ಯಾರಪ್ಪ ಬಂದರೂ ಆಡುತ್ತೇನೆ.

ನಿನಗೆ ಮಾತ್ರ ಒಂದು ಮಾತು, ದಿನಚರಿಯೇ. ಕೂತುಕೊ.

ಫೆಬ್ರವರಿಯಲ್ಲಿ ನಾನು ನಾಟಕ ಮಾಡಿರಲಿಲ್ಲ. ಹತ್ತೂ ಹೇಳಿ ಎಲ್ಲರ ಬಾಯಿ ಮುಚ್ಚಿಸಬೇಕೆಂದು ಮುಷ್ಟಿ ಬಿಗಿದು ಕೂತಿದ್ದೆ. ಕುದುರೆ. ನಿಂಬೆ. ಚಮಚ. ಸೇತುವೆ. ಆಮೇಲೆ —