ನನಗೆ ಕೊಟ್ಟ ಕ್ಷಮೆಯನ್ನು ಹಿಂದಕ್ಕೆ ಪಡೆಯಿರಿ

ವಾಸ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನೀವು ನನ್ನನ್ನು ಕ್ಷಮಿಸಿದ್ದೀರಿ. ನಾನು ಕೇಳಿರಲಿಲ್ಲ. ಹೊಸ ಕಾನೂನಿನ ನಾಲ್ಕನೆಯ ಕಲಮಿನಲ್ಲಿ, ಪರವಾನಗಿ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡಿದ್ದ ಮಾಲೀಕರ ಹಿಂದಿನ ತಪ್ಪುಗಳು ಮುಗಿದುಹೋದವೆಂದು ತಿಳಿಯತಕ್ಕದ್ದು, ಆ ಕಡತಗಳನ್ನು ಮತ್ತೆ ಬಿಚ್ಚತಕ್ಕದ್ದಲ್ಲ ಎಂದು ಬರೆದಿದೆ. ಅದನ್ನು ಓದಿದ ದಿನ ನಮ್ಮ ಬೀದಿಯ ಮಾಲೀಕರೆಲ್ಲ ನಿಟ್ಟುಸಿರು ಬಿಟ್ಟರು. ನಾನೂ ಬಿಟ್ಟೆ. ಆಮೇಲೆ ಐದನೆಯ ಕಲಂ ಓದಿದೆ. ಬಿಟ್ಟ ಉಸಿರನ್ನು ಎಳೆದುಕೊಳ್ಳಲು ಇನ್ನೂ ಆಗಿಲ್ಲ.

ಐದನೆಯ ಕಲಂ ಕೆಲಸ ಮಾಡಿದವರದು. ಪರವಾನಗಿ ಇಲ್ಲದೆ ಬಂದವರು ಹತ್ತು ವರ್ಷ ಎಡೆಬಿಡದೆ ಇಲ್ಲೇ ಇದ್ದರೆಂದು ಆಯಾ ಕಾಲದ ದಾಖಲೆಗಳಿಂದ ರುಜುವಾತುಪಡಿಸಿದರೆ ಸಕ್ರಮ, ಇಲ್ಲವಾದರೆ ಗಡಿಯಾಚೆಗೆ. ಬಾಡಿಗೆ ಕರಾರು ನಡೆಯುತ್ತದೆ, ಬ್ಯಾಂಕ್ ಪಾಸ್‌ಬುಕ್ ನಡೆಯುತ್ತದೆ, ಮಾಲೀಕರ ಹಾಜರಿ ಪುಸ್ತಕ ನಡೆಯುತ್ತದೆ. ಅಡಗಿ ಬದುಕಿದವರು ಅಡಗಿರಲಿಲ್ಲವೆಂಬುದಕ್ಕೆ ಸಾಕ್ಷಿ ತಂದರೆ, ಅಡಗಿದ್ದಕ್ಕೆ ಕ್ಷಮೆ. ಇದನ್ನು ಬರೆದವರು ಯಾರೋ, ಅವರ ಬುದ್ಧಿಗೆ ನನ್ನ ದೊಡ್ಡ ನಮಸ್ಕಾರ. ಅರ್ಜಿಗೆ ತೊಂಬತ್ತು ದಿನ ಕೊಟ್ಟಿದ್ದೀರಿ. ಇವತ್ತಿಗೆ ಉಳಿದಿರುವುದು ಹತ್ತೊಂಬತ್ತು.

ನಾನು ಲಾಂಡ್ರಿ ನಡೆಸುವವನು. ಒಂದು ತೊಟ್ಟಿ, ಒಂದು ಇಸ್ತ್ರಿ ಪೆಟ್ಟಿಗೆಯಿಂದ ಶುರುಮಾಡಿ ಇವತ್ತು ಆರು ಯಂತ್ರ, ಒಂದು ಬಾಯ್ಲರ್‌ವರೆಗೆ ಬಂದಿದ್ದೇನೆ. ಆಸ್ಪತ್ರೆಯ ಹಾಸುಗಳು, ಹೋಟೆಲಿನ ಟವೆಲುಗಳು, ವಕೀಲರ ಕರಿ ಕೋಟುಗಳು ಎಲ್ಲ ನಮ್ಮಲ್ಲಿಗೇ ಬರುತ್ತವೆ. ನಿಮ್ಮ ಕಚೇರಿಯ ಬೂದು ಕೋಟುಗಳೂ ಹನ್ನೆರಡು ವರ್ಷದಿಂದ ಬರುತ್ತಿವೆ. ಇಷ್ಟೆಲ್ಲ ಬಟ್ಟೆ ಒಂದೇ ನೀರಿನಲ್ಲಿ ಮುಳುಗಿ ಎದ್ದು ಮತ್ತೆ ಅವರವರ ಮೈಗೇ ಹೋಗಿ ಸೇರಬೇಕಾದರೆ, ಪ್ರತಿಯೊಂದರ ಒಳಮಗ್ಗುಲಲ್ಲೂ ಒಂದು ಗುರುತು ಹೊಲಿಯಬೇಕು. ಲಾಂಡ್ರಿಯ ಪ್ರಾಣ ಇರುವುದು ಸೋಪಿನಲ್ಲಲ್ಲ ಸ್ವಾಮಿ, ಆ ಗುರುತಿನಲ್ಲಿ. ನಮ್ಮಲ್ಲಿ ಹದಿಮೂರು ವರ್ಷದಿಂದ ಆ ಗುರುತು ಹೊಲಿಯುತ್ತಿರುವವಳು ಒಬ್ಬಳೇ. ಸೂಜಿಯಕ್ಕ ಎಂದು ಎಲ್ಲರೂ ಕರೆಯುತ್ತಾರೆ. ಬಂದ ಹೊಸದರಲ್ಲಿ ಅವಳಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ, ಅಕ್ಷರ ಅಂತೂ ಇಲ್ಲವೇ ಇಲ್ಲ. ಹಾಗಾಗಿ ಗಿರಾಕಿಯ ಹೆಸರು ಹೊಲಿಯುವ ಬದಲು ಕೆಂಪು ದಾರದಲ್ಲಿ ತನ್ನದೇ ಗುರುತುಗಳನ್ನು ಕಟ್ಟಿಕೊಂಡಳು. ಎರಡು ಅಡ್ಡ ಗೆರೆ, ಒಂದು ಉದ್ದ ಎಂದರೆ ಆಸ್ಪತ್ರೆ. ಮೂರು ಚುಕ್ಕೆಯ ಕೆಳಗೆ ಒಂದು ಕೊಕ್ಕೆ ಎಂದರೆ ನಿಮ್ಮ ಕಚೇರಿ. ಅಕ್ಷರ ಈಗಲೂ ಬರುವುದಿಲ್ಲ. ಭಾಷೆ ಮಾತ್ರ ಬಂದಿದೆ. ಬೈಯುವುದರಲ್ಲಿ ನಮ್ಮನ್ನೆಲ್ಲ ಮೀರಿಸಿದ್ದಾಳೆ.

ಪುಣ್ಯ ಕಟ್ಟಿಕೊಳ್ಳಲು ಅವಳನ್ನು ಇಟ್ಟುಕೊಂಡೆ ಎಂದು ಹೇಳಿದರೆ ಈ ಕಾಗದವೂ ಸುಳ್ಳಾಗುತ್ತದೆ. ಕಾಗದಪತ್ರ ಇಲ್ಲದವಳು ಬೇರೆ ಕಡೆ ಹೋಗಲಾರಳು, ರಜೆ ಕೇಳಲಾರಳು, ದೂರು ಕೊಡಲಾರಳು. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಅನುಕೂಲವೂ ಆಗಿತ್ತು. ಹಿಂದಿನ ಬೀದಿಯಲ್ಲಿ ಇನ್ನೊಬ್ಬ ಲಾಂಡ್ರಿ ಇಟ್ಟಿದ್ದ. ಎಲ್ಲರಿಗೂ ಪರವಾನಗಿ ಇರಬೇಕೆಂದು ಹಟ ಹಿಡಿದ ಮನುಷ್ಯ. ನನ್ನ ಎದುರು ಮೂರು ವರ್ಷ ನಿಲ್ಲಲಿಲ್ಲ, ಬಾಗಿಲು ಮುಚ್ಚಿದ. ಆದ್ದರಿಂದ ಗಡಿ ಬೇಕು, ಕಾನೂನು ಬೇಕು ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಅವರು ಬೈಯುವುದಿದ್ದರೆ ನನ್ನನ್ನು ಬೈಯಲಿ. ವಿಳಾಸ ಎಲ್ಲರಿಗೂ ಗೊತ್ತು.

ಆದರೆ ಅವರು ಬೈಯುವುದು ನನ್ನನ್ನಲ್ಲ. ನಮ್ಮ ಅಂಗಡಿಯ ಮೂಲೆಯಲ್ಲಿ ಒಂದು ಟಿವಿ ಇದೆ. ಈ ಕಾನೂನು ಬಂದಾಗಿನಿಂದ ಅದರಲ್ಲಿ ಇಬ್ಬರು ಮುಖಂಡರು ದಿನವೂ ಕೂಗಾಡುತ್ತಾರೆ. ಒಬ್ಬರು ‘ಪ್ರವಾಹ’ ಅನ್ನುತ್ತಾರೆ, ಇನ್ನೊಬ್ಬರು ‘ಮಾನವೀಯತೆ’ ಅನ್ನುತ್ತಾರೆ. ಇಬ್ಬರ ಅಂಗಿಗಳೂ ನಮ್ಮಲ್ಲಿಗೇ ಬರುವುದು. ಒದ್ದೆಯಾದಾಗ ಯಾವುದು ಯಾರದೆಂದು ಹೇಳಲು ಆ ಕೆಂಪು ದಾರವೊಂದೇ ದಿಕ್ಕು. ಒಂದು ಸಂಜೆ ಸೂಜಿಯಕ್ಕ ದಾರ ಪೋಣಿಸುತ್ತಾ ಕೇಳಿದಳು:

“ಯಜಮಾನ್ರೇ, ಇವರಿಬ್ರೂ ನನ್ ಬಗ್ಗೇನೇ ಮಾತಾಡ್ತಿರೋದಾ?”

“ಹೌದಕ್ಕ.”

“ಒಬ್ರಾದ್ರೂ ನನ್ನ ಕೇಳ್ಲಿಲ್ವಲ್ಲ. ಹೋಗ್ಲಿ ಬಿಡಿ. ಎಡಗಡೆ ಕೂತಿರೋರ ಕಾಲರು ನೋಡಿ, ಹೆಂಗೆ ಮಡಚ್ಕೊಂಡಿದೆ. ಯಾರು ಇಸ್ತ್ರಿ ಮಾಡಿದ್ದು ಅದನ್ನ? ಮಾನ ಕಳೀತೀರಾ ನೀವು.”

ಆ ಕಾಲರು ಇಸ್ತ್ರಿ ಮಾಡಿದವನು ನಾನೇ. ಅದಿರಲಿ.

ಅವಳ ಅರ್ಜಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ಜೊತೆಗೊಂದು ಅಫಿಡವಿಟ್: ಈಕೆ ಹದಿಮೂರು ವರ್ಷದಿಂದ ನಮ್ಮಲ್ಲೇ ದುಡಿಯುತ್ತಿದ್ದಾಳೆ, ನಮ್ಮ ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದಾಳೆ, ಇದು ಸತ್ಯ. ಮೂರನೆಯ ಕಿಟಕಿಯ ಗುಮಾಸ್ತರು ಒಳ್ಳೆಯ ಮನುಷ್ಯ. ನನ್ನನ್ನು ಕೂರಿಸಿದರು, ಅಫಿಡವಿಟ್ ಎರಡು ಸಲ ಓದಿದರು, ಎದ್ದು ಹೋಗಿ ಒಂದು ದಪ್ಪ ಕಡತ ತಂದರು. ಅದರಲ್ಲಿ ನಾನು ವರ್ಷಕ್ಕೊಂದರಂತೆ ಕೊಟ್ಟ ಘೋಷಣೆಗಳು: ‘ನಮ್ಮ ಸಂಸ್ಥೆಯಲ್ಲಿ ಪರವಾನಗಿ ಇಲ್ಲದ ಯಾರೊಬ್ಬರೂ ಇರುವುದಿಲ್ಲ.’ ಹದಿಮೂರು ಹಾಳೆ, ಹದಿಮೂರು ಸಹಿ. ಎಲ್ಲವೂ ನನ್ನವೇ, ಒಂದಕ್ಕಿಂತ ಒಂದು ದುಂಡಗೆ.

“ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?” ಎಂದರು.

“ಆಗಿಂದು ಸುಳ್ಳು ಸ್ವಾಮಿ.”

“ಹಾಗಂತ ನಾನು ಬರೆಯೋ ಹಾಗಿಲ್ಲ. ನಾಲ್ಕನೇ ಕಲಂ ಓದಿದ್ದೀರಲ್ಲ? ಹಳೇದನ್ನ ಬಿಚ್ಚೋ ಹಾಗಿಲ್ಲ. ಬಿಚ್ಚದೆ ಇದ್ದ ಮೇಲೆ ಇಲ್ಲಿ ಏನಿದೆಯೋ ಅದೇ ನಿಜ.”

“ಅಂದ್ರೆ ನನ್ನ ಸುಳ್ಳು ಈಗ ಸರ್ಕಾರದ ಸತ್ಯ ಆಯ್ತು ಅನ್ನಿ.”

ಅವರು ನಗಲಿಲ್ಲ. ಕಡತ ಮುಚ್ಚಿ, ನನ್ನನ್ನೇ ನೋಡುತ್ತಾ, “ಯಾಕ್ರೀ ಇಷ್ಟೊಂದು ಅಚ್ಚುಕಟ್ಟಾಗಿ ಸುಳ್ಳು ಹೇಳಿದ್ರಿ? ಒಂದೇ ಒಂದು ಕಡೆ ಎಡವಿದ್ರೂ ಸಾಕಿತ್ತಲ್ಲ. ಹೋಗಿ ಹುಡುಕಿ, ಎಲ್ಲಾದ್ರೂ ಎಡವಿರ್ತೀರಿ” ಎಂದರು.

ಹುಡುಕಿದೆ. ಮೂರು ದಿನ ಅಂಗಡಿಯ ಪುಸ್ತಕಗಳನ್ನೆಲ್ಲ ನೆಲಕ್ಕೆ ಹರಡಿ ಕೂತೆ. ಕಳೆದುಹೋದ ಗುಂಡಿಗೂ ನನ್ನಲ್ಲಿ ಲೆಕ್ಕವಿದೆ. ಯಾವ ವಕೀಲರ ಕೋಟಿನ ಜೇಬಿನಲ್ಲಿ ಯಾರ ಪ್ರೇಮಪತ್ರ ಸಿಕ್ಕಿತು ಎಂಬುದೂ ತಾರೀಖು ಸಮೇತ ಇದೆ. ಅವಳೊಬ್ಬಳು ಇಲ್ಲ. ಒಂದು ಕಡೆಯೂ ಎಡವಿಲ್ಲ ನಾನು. ಅವಳಿಗೆ ತೊಂದರೆ ಆಗಬಾರದು, ನನಗೂ ಆಗಬಾರದು ಎಂದು ಹದಿಮೂರು ವರ್ಷ ಅವಳನ್ನು ಒಂದೊಂದು ಸಾಲಿನಿಂದಲೂ ತೊಳೆದು ಹಾಕಿದ್ದೇನೆ. ತೊಳೆಯುವುದೇ ಕಸುಬಲ್ಲವೇ?

ಏಳು ವರ್ಷದ ಹಿಂದೆ ಇಸ್ತ್ರಿ ಯಂತ್ರದ ಬಿಸಿ ತಟ್ಟೆಗೆ ಅವಳ ಎಡಗೈ ಸಿಕ್ಕಿ ಸುಟ್ಟಿತು. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಚೀಟಿಯಲ್ಲಿ ನನ್ನ ಹೆಂಡತಿಯ ಹೆಸರು ಬರೆಸಿದೆ. ಈಗ ಆ ಚೀಟಿ ಹುಡುಕಿ ತೆಗೆದಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಡಗೈ ಚಾಚಿ ತೋರಿಸಿದಳು. “ನೋಡಿ, ಕೈ ಸುಟ್ಟು ಏಳು ವರ್ಷ ಆಯ್ತು, ಒಂದು ಕಲೇನೂ ಇಲ್ಲ. ಎಂಥ ಒಳ್ಳೇ ಡಾಕ್ಟ್ರು!” ಇಬ್ಬರೂ ನಕ್ಕೆವು. ನಕ್ಕ ಮೇಲೆ ಅವಳು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಇನ್ನೊಂದು ಸಾಲು ಸಿಕ್ಕಿತು, ಯಂತ್ರಗಳ ದಿನಚರಿ ಪುಸ್ತಕದಲ್ಲಿ. ಯಂತ್ರ ಯಾವಾಗ ನಿಂತಿತು, ಯಾಕೆ ನಿಂತಿತು ಎಂದು ಅದರಲ್ಲಿ ಬರೆಯುತ್ತೇವೆ. ಐದು ವರ್ಷದ ಹಿಂದಿನ ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದು ಹತ್ತರಿಂದ ಹನ್ನೊಂದೂವರೆವರೆಗೆ ಆರೂ ಯಂತ್ರ ನಿಂತಿವೆ. ಅವತ್ತು ಗಡಿಯಾಚೆ ಅವಳ ತಾಯಿಯನ್ನು ಮಣ್ಣು ಮಾಡುತ್ತಿದ್ದರು. ಹೋದರೆ ವಾಪಸ್ ಬರಲಾಗದು ಎಂದು ಅವಳು ಹೋಗಿರಲಿಲ್ಲ. ಅವಳ ತಮ್ಮ ಅಲ್ಲಿಂದ ಫೋನು ಹಚ್ಚಿ ಅಲ್ಲಿಯ ಸದ್ದು ಕೇಳಿಸುತ್ತೇನೆ ಎಂದಿದ್ದನಂತೆ. ನನ್ನ ಹತ್ತಿರ ಬಂದು, “ಯಜಮಾನ್ರೇ, ಇಪ್ಪತ್ತು ನಿಮಿಷ ಮಿಷನ್ ನಿಲ್ಲಿಸ್ತೀರಾ? ಅಳೋದು ಕೇಳಿಸ್ತಿಲ್ಲ” ಎಂದಳು. ಹದಿಮೂರು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ. ನಿಲ್ಲಿಸಿದೆ. ಅವಳು ಒದ್ದೆ ಹಾಸುಗಳ ಗಾಡಿಗೆ ಒರಗಿ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು. ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಅಂಗಡಿಯಲ್ಲಿ ಬೇರೆ ಸದ್ದಿರಲಿಲ್ಲ. ಹನ್ನೊಂದೂವರೆಗೆ ತಾನೇ ಹೋಗಿ ಯಂತ್ರದ ಗುಂಡಿ ಒತ್ತಿದಳು.

ಆ ಸಾಲನ್ನು ಮೊನ್ನೆ ಹುಡುಕಿ ತೆಗೆದಾಗ, ಸಿಕ್ಕಿತು, ಇಲ್ಲಿ ಎಡವಿದ್ದೇನೆ ಅಂದುಕೊಂಡೆ. ಕಾರಣದ ಕಾಲಮಿನಲ್ಲಿ ನನ್ನ ಅದೇ ದುಂಡಗಿನ ಅಕ್ಷರ: ‘ವಿದ್ಯುತ್ ವ್ಯತ್ಯಯ.’

ಮಾನ್ಯರೇ, ನನ್ನ ಜೀವನದಲ್ಲಿ ಬಹಳ ಬರೆದಿದ್ದೇನೆ. ಅಷ್ಟು ಕೆಟ್ಟ ಎರಡು ಪದ ಬರೆದಿಲ್ಲ.

ಕೊನೆಗೆ ಉಳಿದದ್ದು ದಾರ. ಹಳೆಯ ಹಾಸು, ಹರಿದ ಟವೆಲುಗಳಿಂದ ಅವಳ ಗುರುತಿದ್ದ ತುಂಡುಗಳನ್ನು ಕತ್ತರಿಸಿ ಒಂದು ಚೀಲ ತುಂಬಿ ಗುಮಾಸ್ತರ ಮುಂದಿಟ್ಟೆ. ಕೊನೆಯ ಹೊಲಿಗೆಯನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ಅಡಿಯಲ್ಲಿ ಗಂಟು ಹಾಕುವುದು ಅವಳೊಬ್ಬಳದೇ ಕೈ, ಬೇರೆ ಯಾರಿಗೂ ಬರುವುದಿಲ್ಲ ಎಂದು ತೋರಿಸಿದೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು.

“ಚೆನ್ನಾಗಿದೆ. ಆದ್ರೆ ದಾರದ ಮೇಲೆ ತಾರೀಖು ಇಲ್ವಲ್ಲ.”

“ನಿಮ್ಮ ಕೋಟಿನ ಮೇಲಿದೆಯಲ್ಲ ಸ್ವಾಮಿ. ಯಾವ ಕೋಟು ಯಾವ ವರ್ಷ ಕೊಟ್ಟಿದ್ದು ಅಂತ ನಿಮ್ಮ ಉಗ್ರಾಣದ ಪುಸ್ತಕದಲ್ಲಿ ಬರೆದಿರ್ತೀರಿ. ಹೊಸ ಕೋಟು ಮೊದಲ ಸಲ ಒಗೆಯೋಕೆ ಬಂದಾಗಲೇ ಗುರುತು ಬೀಳುತ್ತೆ. ಹಳೇ ಕೋಟುಗಳ ಕಾಲರು ತಿರುಗಿಸಿ ನೋಡಿ. ನಿಮ್ದು ಯಾವ ವರ್ಷದ್ದು?”

“ಹನ್ನೊಂದು ವರ್ಷ ಆಯ್ತು” ಎಂದರು, ಯೋಚಿಸದೆ.

ಆಮೇಲೆ ಆಚೀಚೆ ನೋಡಿದರು. ಕೋಟು ಬಿಚ್ಚಿದರು. ಕಾಲರು ಮಗುಚಿ ಒಳಗೆ ನೋಡಿದರು. ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಮೂರು ಚುಕ್ಕೆ, ಒಂದು ಕೊಕ್ಕೆ. ಎಷ್ಟೋ ಸಲ ಒಗೆಸಿಕೊಂಡು ಕೆಂಪು ಮಾಸಿತ್ತು, ಹೊಲಿಗೆ ಬಿಟ್ಟಿರಲಿಲ್ಲ. ನನಗೂ ಕಾಣಿಸಿತು. ನಾನು ನೋಡಿದೆನೆಂದು ಅವರಿಗೂ ಗೊತ್ತಾಯಿತು. ಕೋಟನ್ನು ಮತ್ತೆ ಹಾಕಿಕೊಂಡು ಗುಂಡಿಗಳನ್ನೆಲ್ಲ ಒಂದೊಂದಾಗಿ, ಮೇಲಿನವರೆಗೂ ಹಾಕಿದರು. ನನ್ನ ಚೀಲವನ್ನು ಮೆಲ್ಲಗೆ ಇತ್ತ ಸರಿಸಿದರು. ಮುಂದಿನ ಟೋಕನ್ ಕೂಗಿದರು.

ಅವರ ಮೇಲೆ ನನಗೆ ಕೋಪವಿಲ್ಲ. ಅವರ ಪಟ್ಟಿಯಲ್ಲಿ ಕೋಟು ಇಲ್ಲ. ಪಟ್ಟಿ ಮಾಡಿದವರು ನೀವು. ಅದಕ್ಕೇ ನಿಮಗೆ, ನಾಲ್ಕು ಜನ ಓದುವ ಹಾಗೆ, ಈ ಕಾಗದ. ನನ್ನ ಬೇಡಿಕೆ ಸಣ್ಣದು. ಅವಳಿಗೆ ಕರುಣೆ ತೋರಿಸಿ ಎಂದು ಕೇಳುತ್ತಿಲ್ಲ. ನನಗೆ ತೋರಿಸಿದ ಕರುಣೆಯನ್ನು ಹಿಂದಕ್ಕೆ ಪಡೆಯಿರಿ. ನನ್ನ ಕಡತ ಬಿಚ್ಚಿ. ಹದಿಮೂರು ಸುಳ್ಳು ಘೋಷಣೆಗಳಿಗೆ ನನ್ನ ಮೇಲೆ ಹದಿಮೂರು ಕೇಸು ಹಾಕಿ. ಕೇಸು ಹಾಕಬೇಕಾದರೆ, ಇಂಥ ವರ್ಷ ಇಂಥವಳು ಇಂಥ ಅಂಗಡಿಯಲ್ಲಿ ಇದ್ದಳು ಎಂದು ನೀವೇ ಬರೆಯಬೇಕಾಗುತ್ತದೆ. ನಿಮ್ಮ ಕೈಯಿಂದ, ನಿಮ್ಮ ಮೊಹರು ಹಾಕಿ, ತಾರೀಖು ಸಮೇತ. ಆಯಾ ಕಾಲದ ದಾಖಲೆ ಎಂದರೆ ಅದಕ್ಕಿಂತ ಇನ್ನೇನು ಬೇಕು? ನನ್ನನ್ನು ಒಳಗೆ ಹಾಕಿದರೂ ಸರಿ, ಯಂತ್ರ ನಡೆಸಲು ನನ್ನ ಹೆಂಡತಿ ಇದ್ದಾಳೆ. ಅವಳ ಕೈಗೇನೂ ಆಗಿಲ್ಲ.

ಇದೂ ಆಗುವುದಿಲ್ಲ ಎಂದು ನನಗೆ ಗೊತ್ತು. ಕಾನೂನು ಒಮ್ಮೆ ಕ್ಷಮಿಸಿದವರನ್ನು ಮತ್ತೆ ಶಿಕ್ಷಿಸುವಂತಿಲ್ಲವಂತೆ. ವಕೀಲರನ್ನು ಕೇಳಿದೆ, ಕೋಟು ತೆಗೆದುಕೊಂಡು ಹೋಗಲು ಬಂದಿದ್ದರು. ಆದರೂ ಬರೆದಿದ್ದೇನೆ. ಮಾತಾಡಿ ಮಾತಾಡಿಯೇ ಅಂಗಡಿ ಕಟ್ಟಿದವನು ನಾನು. ಮಾತು ಸಾಲದೆ ಹೋದದ್ದು ಇದೇ ಮೊದಲು.

ಸೂಜಿಯಕ್ಕನಿಗೆ ಈ ಕಾಗದ ಓದಿ ಹೇಳಿದೆ. ಪೂರ್ತಿ ಕೇಳಿ, “ವಿದ್ಯುತ್ ಹೋಗಿತ್ತು ಅಂತ ಬರೆದ್ರಾ?” ಎಂದಳು. ಹೌದೆಂದೆ. “ಇನ್ನೇನು ಬರೀತೀರಿ ಪಾಪ” ಎಂದು ಮತ್ತೆ ಸೂಜಿಗೆ ತಲೆ ಬಾಗಿಸಿದಳು. ಒಂದು ವಾರದಿಂದ ಅವಳು ಬಿಳಿ ಪಟ್ಟಿಗಳ ಮೇಲೆ ಗುರುತುಗಳನ್ನು ಮುಂಗಡವಾಗಿ ಹೊಲಿದಿಡುತ್ತಿದ್ದಾಳೆ. ಆಸ್ಪತ್ರೆಯದೊಂದು ಡಬ್ಬ, ಹೋಟೆಲಿನದೊಂದು, ವಕೀಲರದೊಂದು. ಯಾಕಕ್ಕ ಇಷ್ಟೊಂದು ಎಂದರೆ, “ನಾನು ಹೋದ್ಮೇಲೆ ನೀವು ಬಟ್ಟೆ ಅದಲುಬದಲು ಮಾಡಿ ಊರಿಗೆಲ್ಲ ಜಗಳ ಹಚ್ತೀರಾ. ಆರು ತಿಂಗಳಿಗೆ ಆಗುತ್ತೆ, ಆಮೇಲೆ ನಿಮ್ಮ ಪಾಡು” ಎನ್ನುತ್ತಾಳೆ. ನಿಮ್ಮ ಕಚೇರಿಯ ಡಬ್ಬವೇ ಮೊದಲು ತುಂಬಿದೆ.

ಇಂತಿ,
ಹದಿಮೂರು ಸಹಿ ನಿಮ್ಮ ಕಡತದಲ್ಲಿರುವ,
ಹದಿನಾಲ್ಕನೆಯದನ್ನು ನಿಜಕ್ಕೆ ಹಾಕುತ್ತಿರುವ
ನಿಮ್ಮ ಲಾಂಡ್ರಿಯವನು