ಮನೆಯವರು ಮೊಹರು ಒತ್ತುವ ಜಾಗ

ನಿನೊಹೆ
ನವೆಂಬರ್ ೧೨, ೨೦೦೯

ಪ್ರೀತಿಯ ಫುಮಿಯೆ,

ನಿನ್ನ ಅಕ್ಕ ತೊಶಿಯೆ ಬರೆಯುತ್ತಿದ್ದೇನೆ. ಮಂಡಿನೋವು ಹೇಗಿದೆ? ಇಂಜೆಕ್ಷನ್ ಶುರುವಾಗಿದೆ ಎಂದು ನೀನು ಹೊಸ ವರ್ಷದ ಕಾರ್ಡಿನಲ್ಲಿ ಒಂದೇ ಸಾಲು ಬರೆದಿದ್ದೆ, ಆಮೇಲೆ ಸುದ್ದಿಯೇ ಇಲ್ಲ. ನಿಮ್ಮ ಮನೆಯವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಇಲ್ಲಿ ಮೊದಲ ಹಿಮ ಬಿದ್ದು ಕರಗಿತು. ನನ್ನ ಅಕ್ಷರ ಸಾಲು ಬಿಟ್ಟು ಹೋಗುತ್ತಿದ್ದರೆ ಬೈಯಬೇಡ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಹೋದ ವಾರ ಬಸ್‌ಸ್ಟಾಪಿನಲ್ಲಿ ಯಾರೋ ನಿಂತಿದ್ದಾರೆಂದು ಸೊಂಟ ಬಗ್ಗಿಸಿ ವಂದಿಸಿದೆ. ಅದು ಅಕ್ಕಿ ಅಂಗಡಿಯ ಬೋರ್ಡು. ನೋಡಿ ನಗುವವರು ಯಾರೂ ಇರಲಿಲ್ಲ, ನಾನೊಬ್ಬಳೇ ನಕ್ಕು ಮನೆಗೆ ಬಂದೆ.

ಇಪ್ಪತ್ತಾರಕ್ಕೆ ಬಲಗಣ್ಣಿನ ಆಪರೇಷನ್. ಆಸ್ಪತ್ರೆಯವರು ಕೊಟ್ಟ ಒಪ್ಪಿಗೆಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಕೆಳಗಡೆ ಮನೆಯವರ ಹೆಸರು ಬರೆದು, ಸಹಿಯ ಬದಲು ಮನೆತನದ ಮೊಹರು ಒತ್ತುವ ಜಾಗವಿದೆ. ನಮ್ಮವರು ಹೋಗಿ ಒಂಬತ್ತು ವರ್ಷವಾಯಿತು, ಮಕ್ಕಳಂತೂ ಆಗಲೇ ಇಲ್ಲ. ಹಾಗಾಗಿ ನನಗೆ ಮನೆಯವರು ಅಂದರೆ ನೀನೊಬ್ಬಳೇ.

ಡಾಕ್ಟರ್ ಹೊರಿಗುಚಿ ನಿನ್ನ ಮಗಳು ಚಿಹಾರುವಿಗಿಂತ ಚಿಕ್ಕವಳು. ನನ್ನನ್ನು ಅಜ್ಜಿ ಎನ್ನುತ್ತಾಳೆ. ಮೊಮ್ಮಕ್ಕಳಿಲ್ಲದೆಯೂ ಅಜ್ಜಿಯಾಗಬಹುದು ನೋಡು. ಕಣ್ಣೊಳಗೆ ಕೈಯಾಡಿಸಲು ಜಾಗವೇ ಇರುವುದಿಲ್ಲವಂತೆ. ಅದಕ್ಕೆ ಮೊದಲು ತಿಳಿಯಾದ ಒಂದು ಲೋಳೆ ತುಂಬಿಸುತ್ತಾರೆ. ಅದು ಕಣ್ಣು ಒಳಗೆ ಕುಸಿಯದಂತೆ ಹಿಡಿದು, ಕಣ್ಣಿನ ಮುಂದಿನ ತೆಳುಪದರಕ್ಕೆ ಸಲಕರಣೆ ತಾಗದಂತೆ ಕಾಯುತ್ತದೆ. ಪೊರೆ ತೆಗೆದು ಹೊಸ ಮಸೂರ ಕೂರಿಸಿದ ಮೇಲೆ ಅಷ್ಟನ್ನೂ ಹೀರಿ ತೆಗೆಯಬೇಕು, ಉಳಿದರೆ ಕಣ್ಣೊಳಗೆ ಒತ್ತಡ ಏರುತ್ತದೆ. ಲೋಳೆಯ ಮಾತು ಬಂದದ್ದೇ ನನಗೆ ಹುರುಪು ಬಂತು. ಕೋಳಿ ಫ್ಯಾಕ್ಟರಿಯಲ್ಲಿ ಇಪ್ಪತ್ತೇಳು ವರ್ಷ ಹುಂಜದ ಜುಟ್ಟು ಕತ್ತರಿಸಿ, ತೊಳೆದು, ಐಸಿಗಿಟ್ಟವಳು ನಾನು. ವರ್ಷಕ್ಕೊಮ್ಮೆ ಸತ್ತ ಕೋಳಿಗಳ ಸ್ಮಾರಕದ ಕಲ್ಲಿಗೆ ಊದುಬತ್ತಿ ಹಚ್ಚುವಾಗ ಮ್ಯಾನೇಜರು, ಈ ಜುಟ್ಟಿನ ಲೋಳೆ ಜನರ ಕಣ್ಣಿಗೆ ಹೋಗುತ್ತದೆ ಎಂದು ಭಾಷಣ ಮಾಡುತ್ತಿದ್ದರು. ಇದು ನಮ್ಮ ಜುಟ್ಟಿನದೇ ತಾನೇ ಎಂದು ಡಾಕ್ಟರನ್ನು ಕೇಳಿದೆ. ನಮ್ಮಲ್ಲಿ ತರಿಸುವುದು ತೊಟ್ಟಿಯಲ್ಲಿ ಸೂಕ್ಷ್ಮಜೀವಿ ಬೆಳೆಸಿ ತೆಗೆದದ್ದು ಎಂದಳು. ನನ್ನ ಮುಖ ಸಪ್ಪಗಾಯಿತು. ನಿನ್ನ ಮಂಡಿಯ ಇಂಜೆಕ್ಷನ್ನಿನಲ್ಲಾದರೂ ಜುಟ್ಟಿನದು ಇದೆಯೋ ಏನೋ, ಕೇಳಿ ನೋಡು. ನನ್ನ ಕೈ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು ನೀನು.

ಆದರೆ ಮೊಹರು ಒತ್ತುವ ಮುಂಚೆ ನಿನಗೆ ಒಂದು ವಿಷಯ ಗೊತ್ತಾಗಬೇಕು. ಮೂವತ್ತೆಂಟು ವರ್ಷದ ಹಿಂದೆ ಅಮ್ಮನಿಗೆ ಇದೇ ಆಪರೇಷನ್ ನಿಗದಿಯಾಗಿತ್ತು. ಕೊಬೆಯಲ್ಲಿ ನೀನು ಚಿಹಾರುವನ್ನು ಹೊಟ್ಟೆಯಲ್ಲಿ ಹೊತ್ತಿದ್ದೆ, ಬೇಗ ಮಾಡಿಸು ಎಂದು ವಾರಕ್ಕೊಂದು ಕಾಗದ ಬರೆಯುತ್ತಿದ್ದೆ. ಒಪ್ಪಿಗೆಯ ಕಾಗದಕ್ಕೆ ಒತ್ತಬೇಕಾದ ಮೊಹರು ಕಳೆದಿದೆ ಎಂದು ನಾನು ಬರೆದೆ. ಅದು ಸಿಗುವಷ್ಟರಲ್ಲಿ ಅಮ್ಮನೇ ಹೆದರಿ ಬೇಡವೆಂದಳು ಎಂದೂ ಬರೆದೆ. ಫುಮಿಯೆ, ಮೊಹರು ಕಳೆದಿರಲಿಲ್ಲ. ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. ಆಗ ಈ ಲೋಳೆ ಇರಲಿಲ್ಲ. ತಲೆಯ ಎರಡೂ ಪಕ್ಕ ಮರಳಿನ ಚೀಲವಿಟ್ಟು ವಾರಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದರು. ಪಕ್ಕದ ಮನೆಯ ಓಯಿಕಾವಾ ಅಜ್ಜಿ ಹಾಗೆ ಮಲಗಿ ಎದ್ದು ಬಂದಾಗ ಕಣ್ಣು ಬೆಳ್ಳಗೆ ಮಂಜಾಗಿತ್ತು. ಅಮ್ಮನಿಗೂ ಹಾಗಾದರೆ ನೀನು ನನ್ನನ್ನೇ ಕೇಳುತ್ತೀಯ ಎಂದು ಹೆದರಿದೆ. ಅಮ್ಮ ಮೂರು ದಿನವೂ ಬೆಳಿಗ್ಗೆ ಕೇಳಿದಳು, "ತೊಶಿಯೆ, ಮೊಹರು ಸಿಕ್ತೇನೇ?"

"ಹುಡುಕ್ತಾ ಇದೀನಮ್ಮ" ಅಂದೆ. ನಾಲ್ಕನೆಯ ಬೆಳಿಗ್ಗೆ ಅವಳು ಕೇಳಲಿಲ್ಲ. ಚಿಹಾರುವಿನ ಮುಖವನ್ನು ಕೊನೆಗೂ ಬೆರಳಿನಿಂದಲೇ ನೋಡಿದಳು. ಸಾವಿನ ಮನೆಯಲ್ಲಿ ನೀನು, ಅಮ್ಮನಿಗೆ ಒಂಚೂರು ಧೈರ್ಯವಿದ್ದಿದ್ದರೆ ಮೊಮ್ಮಗಳನ್ನು ಕಾಣುತ್ತಿದ್ದಳು ಎಂದು ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ. ಅಮ್ಮನಿಗೆ ಧೈರ್ಯವಿತ್ತು. ಇಲ್ಲದ್ದು ನನಗೆ.

ಇಷ್ಟು ಓದಿದ ಮೇಲೆ ಮೊಹರು ಒತ್ತಲು ಮನಸ್ಸು ಬಾರದಿದ್ದರೆ ಕಾಗದವನ್ನು ಹಾಗೇ ವಾಪಸು ಕಳಿಸು, ನಾನು ಏನೂ ಅಂದುಕೊಳ್ಳುವುದಿಲ್ಲ. ಮಂಡಿಯನ್ನು ಬೆಚ್ಚಗಿಟ್ಟುಕೋ. ನಿಮ್ಮ ಮನೆಯವರಿಗೆ ನಮಸ್ಕಾರ, ಚಿಹಾರುವಿಗೂ ಅವಳ ಮಕ್ಕಳಿಗೂ ಈ ಮುದುಕಿಯ ಆಶೀರ್ವಾದ.

ನಿನ್ನ ಅಕ್ಕ,
ತೊಶಿಯೆ

ಮರೆತ ಮಾತು: ಅಂಚೆಡಬ್ಬ ತೆರೆಯುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಯಾರೂ ಇಲ್ಲದವರು ಆ ಜಾಗ ಖಾಲಿ ಬಿಟ್ಟರೂ ಆಪರೇಷನ್ ಮಾಡುತ್ತಾರಂತೆ, ನರ್ಸು ಸೋಮವಾರವೇ ಹೇಳಿದಳು. ಮೊಹರು ಬೇಡ. ಇಪ್ಪತ್ತೇಳರ ಬೆಳಿಗ್ಗೆ ಒಂಬತ್ತಕ್ಕೆ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಆ ಹೊತ್ತಿಗೆ ಆಸ್ಪತ್ರೆಗೆ ಬಾ. ಬೈಯುವುದನ್ನು ಕಾಗದದಲ್ಲಿ ಬರೆಯಬೇಡ, ಎದುರಿಗೆ ನಿಂತು ಬೈ. ನಿನ್ನ ಮುಖ ನೋಡಬೇಕು.