ಹಿಟ್ಟಿನ ಡಬ್ಬದಲ್ಲಿ ಹುಗಿದ ಆರೋಗ್ಯ ಪುಸ್ತಕ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನನ್ನ ತಂಗಿ ತಮಂದಾನಿಯ ಕುತ್ತಿಗೆಯ ಗಂಟಿಗೆ ನಿಮ್ಮ ಆಸ್ಪತ್ರೆ ಐದು ತಿಂಗಳು ಕ್ಷಯದ ಮಾತ್ರೆ ನುಂಗಿಸಿತು. ಅದು ಕ್ಷಯವಲ್ಲ, ಲಿಂಫೋಮಾ ಎಂಬ ಕ್ಯಾನ್ಸರ್. ತಪ್ಪಿನಲ್ಲಿ ಅರ್ಧ ನಿಮ್ಮದು. ಉಳಿದರ್ಧ ನನ್ನದು, ಅದನ್ನೂ ಇಲ್ಲೇ ಬರೆಯುತ್ತೇನೆ.

ನಮ್ಮ ಮಲಾವಿಯಲ್ಲಿ ರೋಗಿಯ ಜಾತಕವೆಲ್ಲ ಅವನ ಕೈಯಲ್ಲಿರುವ ಆರೋಗ್ಯ ಪುಸ್ತಕದಲ್ಲೇ ಇರುತ್ತದೆ. ತಂಗಿಯ ಪುಸ್ತಕದಲ್ಲಿ ಒಂಬತ್ತು ವರ್ಷದ ಎಚ್‌ಐವಿ ಔಷಧದ ದಾಖಲೆ ಇತ್ತು. ಒಂದು ಗುರುವಾರ ನಿಮ್ಮಲ್ಲಿ ಎಚ್‌ಐವಿ ರೋಗಿಗಳಿಗೆಂದೇ ಇರುವ ಬಾಗಿಲಲ್ಲಿ ಗುಮಾಸ್ತರು ಅವಳ ಹೆಸರನ್ನು ಬೀದಿಯ ಮೀನು ಮಾರುವವರಿಗೂ ಕೇಳುವಂತೆ ಕೂಗಿದರು. ನಮ್ಮ ಚರ್ಚಿನ ಗಾಯನ ತಂಡದ ಇಬ್ಬರು ಹೆಂಗಸರು ಅಲ್ಲೇ ಇದ್ದರು. ಆ ತಂಡಕ್ಕೆ ನಾನೇ ಮುಖ್ಯಸ್ಥ. ಭಾನುವಾರ ಅವಳ ಪಕ್ಕದಲ್ಲಿ ಯಾರೂ ನಿಂತು ಹಾಡಲಿಲ್ಲ.

ಹಾಗಾಗಿ ಕುತ್ತಿಗೆಯಲ್ಲಿ ಗಂಟು ಎದ್ದಾಗ ನಾನು ಖಾಲಿ ಹೊಸ ಪುಸ್ತಕ ತಂದುಕೊಟ್ಟೆ.

"ಹಳೇದೇ ತಗೊಂಡು ಹೋಗ್ತೀನಣ್ಣಾ. ಗಂಟು ಬಂದ್ರೆ ಏನೂ ಮುಚ್ಚಿಡಬೇಡ ಅಂತ ರಕ್ತ ತಗೊಳ್ಳೋ ನರ್ಸಮ್ಮ ಹೇಳಿದ್ದಾರೆ."

"ಗಂಟು ತೋರಿಸು, ಸಾಕು. ನನ್ನ ಮಾನ ಕಳೀಬೇಡ."

"ಗಂಟು ನನ್ನ ಕುತ್ತಿಗೇಲಿ, ಮಾನ ಮಾತ್ರ ನಿಂದಾ?"

ಆದರೂ ನನ್ನ ಮಾತು ಮೀರಲಿಲ್ಲ. ಹಳೆಯದನ್ನು ನಾನೇ ಜೋಳದ ಹಿಟ್ಟಿನ ಡಬ್ಬದಲ್ಲಿ ಹುಗಿದೆ. ಎಚ್‌ಐವಿ ಇದೆಯೇ ಎಂದು ನಿಮ್ಮವರು ಕೇಳಿದಾಗ, ಪಕ್ಕದಲ್ಲಿ ನಿಂತಿದ್ದ ನಾನು "ಇಲ್ಲ" ಎಂದೆ. ಪರೀಕ್ಷಿಸುವ ಗೋಜಿಗೆ ಹೋಗದೆ ಹಾಗೇ ಬರೆದುಕೊಂಡರು. ನನ್ನ ಸುಳ್ಳಿಗೆ ಇಷ್ಟು ಸುಲಭವಾಗಿ ಸರ್ಕಾರದ ಮುದ್ರೆ ಬೀಳಬಹುದೇ?

ತಂಗಿಯ ರಕ್ತ ತೆಗೆಯುತ್ತಿದ್ದ ಆ ನರ್ಸಮ್ಮ ನಿಮ್ಮ ಆಸ್ಪತ್ರೆಯ ಅಂಗಳದಲ್ಲೇ ಇರುವ ಸಂಶೋಧನಾ ಕೊಠಡಿಯವರು. ಔಷಧದಿಂದ ವೈರಸ್ ಅಡಗಿದರೂ ಕೆಲವರ ರೋಗನಿರೋಧಕ ಕಣಗಳು ವರ್ಷಗಟ್ಟಲೆ ಕೆರಳಿಯೇ ಇರುತ್ತವಂತೆ. ಲಿಂಫೋಮಾಕ್ಕೂ ಅದಕ್ಕೂ ಏನು ನಂಟು ಎಂದು ಅಲ್ಲಿ ಹುಡುಕುತ್ತಾರೆ. ತಂಗಿಯ ಕಣಗಳು ವಿಪರೀತ ಕೆರಳಿವೆ ಎಂದು ಅಲ್ಲಿನ ಕಡತದಲ್ಲಿತ್ತು. ಅದೊಂದರಿಂದಲೇ ಕ್ಯಾನ್ಸರ್ ಎನ್ನಲಾಗದು, ಒಪ್ಪಿದೆ. ಆದರೆ ಮಾತ್ರೆಗೂ ಕರಗದ ಗಂಟಿನ ಪಕ್ಕದಲ್ಲಿಟ್ಟು ಓದಿದ್ದರೆ? ಕ್ಷಯದ ಕೊಠಡಿಗೂ ಸಂಶೋಧನಾ ಕೊಠಡಿಗೂ ನಡುವೆ ಇರುವುದು ಒಂದು ಮಾವಿನ ಮರ. ಎಂಥ ಗೌಪ್ಯತೆ ನಿಮ್ಮದು! ರೋಗಿಯ ಗುಟ್ಟು ಮೀನು ಮಾರುವವರಿಗೆ ಗೊತ್ತು, ವೈದ್ಯರಿಗೆ ಗೊತ್ತಿಲ್ಲ.

ಕೊನೆಗೆ ರಾಜಧಾನಿಯ ಆಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ನೋಡಿದರು. ಅಂದು ಹಿಟ್ಟು ಕೊಡವಿ ಹಳೆಯ ಪುಸ್ತಕ ಕೊಟ್ಟೆ.

"ಇಷ್ಟು ದಿನ ಇದೆಲ್ಲಿತ್ತಮ್ಮಾ?" ಎಂದರು ವೈದ್ಯರು.

"ಕೈ ತಪ್ಪಿ ಹಿಟ್ಟಿನ ಡಬ್ಬಕ್ಕೆ ಬಿದ್ದಿತ್ತು ಡಾಕ್ಟ್ರೇ," ಎಂದಳು. ನನ್ನ ಹೆಸರೆತ್ತಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಈಗ ಮೂರನೇ ಸುತ್ತಿನ ಕೀಮೋ ಚಿಕಿತ್ಸೆ ನಡೆದಿದೆ. ಉಳಿಯುತ್ತಾಳೋ ಇಲ್ಲವೋ, ಯಾರೂ ಹೇಳುತ್ತಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹೆಸರು ಕೂಗುವುದನ್ನು ನಿಲ್ಲಿಸಿ, ಎಲ್ಲ ರೋಗಿಗಳಿಗೂ ಒಂದೇ ಬಾಗಿಲಿರಲಿ. ರೋಗಿ ಒಪ್ಪಿದರೆ ಸಂಶೋಧನೆಯ ಫಲಿತಾಂಶವನ್ನು ಅವರ ಪುಸ್ತಕದಲ್ಲೇ ಬರೆಯಿರಿ. ಕರಗದ ಗಂಟನ್ನು ಕೊಯ್ದು ನೋಡಿ.

ಇಲ್ಲಿಯವರೆಗೆ ತಂಗಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು: "ನನ್ನ ಪುಸ್ತಕದ ಕಥೆ ಊರಿಗೆಲ್ಲ ಹೇಳಿದೆ. ನಿನ್ನದು?"

ನನ್ನದೂ ಇದೆ. ಆರು ವರ್ಷದಿಂದ ಅದೇ ಎಚ್‌ಐವಿ ಔಷಧವನ್ನು ಪಕ್ಕದ ಜಿಲ್ಲೆಗೆ ಹೋಗಿ ತರುತ್ತೇನೆ. ಅವಳದರ ಮಾತು ಬೆಳೆದರೆ ಜನ ನನ್ನತ್ತಲೂ ನೋಡಿಯಾರು, ನನ್ನದೂ ಬಯಲಾದೀತು ಎಂಬ ಭಯಕ್ಕೇ ಅವಳ ಪುಸ್ತಕ ಹುಗಿದದ್ದು. ಬರುವ ಗುರುವಾರ ನನ್ನ ಪುಸ್ತಕ ಹಿಡಿದು ನಿಮ್ಮ ಆ ಬಾಗಿಲಿಗೇ ಬರುತ್ತೇನೆ. ಅಷ್ಟರೊಳಗೆ ಕೂಗುವುದು ನಿಲ್ಲದಿದ್ದರೆ, ಮೊದಲು ನನ್ನ ಹೆಸರನ್ನು ಕೂಗಿಸಿ.

ಇಂತಿ,
ತಂಗಿ ಕೇಳಿದ ಮೇಲಷ್ಟೇ ಬಾಯಿಬಿಟ್ಟ ಅಣ್ಣ,
ಮಯೇಸೊ ಚಿಸಾಲೆ